ಕನ್ಸಲ್ಟಿಂಗ್ ಸಂಸ್ಥೆಯ ಸಂದರ್ಶನ: ಕೇಸ್ ಸುತ್ತಿನಲ್ಲಿ ನಿಜವಾಗಿ ಏನನ್ನು ನೋಡುತ್ತಾರೆ?

ಪ್ರಶ್ನೆ: ದಾವಣಗೆರೆ ಮೆಕ್ಯಾನಿಕಲ್

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿದ ನಾನು ಕೆಲವು ವರ್ಷಗಳಿಂದ ಬಿಡದಿಯ ವಾಹನ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ಉತ್ಪಾದನಾ ಯೋಜನೆಯ ಕೆಲಸ ನೋಡಿಕೊಳ್ಳುತ್ತಿದ್ದೇನೆ. ಮ್ಯಾನೇಜ್‌ಮೆಂಟ್ ಕನ್ಸಲ್ಟಿಂಗ್ ಸಂಸ್ಥೆಯೊಂದು ತನ್ನ ಬೆಂಗಳೂರು ಕಚೇರಿಯ ಆಪರೇಷನ್ಸ್ ತಂಡಕ್ಕೆ ಅನುಭವಿಗಳನ್ನು ತೆಗೆದುಕೊಳ್ಳುತ್ತಿದೆ ಎಂದು ತಿಳಿದು ಅರ್ಜಿ ಹಾಕಿದ್ದೆ. ಆನ್‌ಲೈನ್ ಪರೀಕ್ಷೆಯ ಹಂತ ದಾಟಿದ್ದೇನೆ. ಇನ್ನು ಎರಡು ಸುತ್ತಿನ ಸಂದರ್ಶನಗಳಿದ್ದು, ಪ್ರತಿ ಸುತ್ತಿನಲ್ಲೂ ಒಂದು ಕೇಸ್ (ಬಿಡಿಸಬೇಕಾದ ಉದ್ಯಮದ ಸಮಸ್ಯೆ) ಹಾಗೂ ನನ್ನ ಕೆಲಸದ ಅನುಭವದ ಬಗ್ಗೆ ಮಾತುಕತೆ ಇರುತ್ತದೆಂದು ಎಚ್‌ಆರ್ ವಿಭಾಗದವರು ತಿಳಿಸಿದ್ದಾರೆ.

ಓದಲು ಸಿಗುವ ಅನುಭವ ಕಥನಗಳಲ್ಲಿ ಬಹುಪಾಲು ಅಮೆರಿಕದ ಬಿಸಿನೆಸ್ ಸ್ಕೂಲುಗಳವು, ಇಲ್ಲವೇ ಐಐಎಂ ಕ್ಯಾಂಪಸ್ಸುಗಳವು. ಅಲ್ಲಿನ ವಿದ್ಯಾರ್ಥಿಗಳಿಗೆ ಕನ್ಸಲ್ಟಿಂಗ್ ಕ್ಲಬ್ಬುಗಳಿವೆ, ಜೊತೆಗೂಡಿ ಅಭ್ಯಾಸ ಮಾಡುವ ಸಹಪಾಠಿಗಳಿದ್ದಾರೆ, ಹಿಂದಿನ ವರ್ಷ ಆಯ್ಕೆಯಾದ ಹಿರಿಯರ ಮಾರ್ಗದರ್ಶನವಿದೆ. ಕಾರ್ಖಾನೆಯಿಂದ ನೇರವಾಗಿ ಹೋಗುವ ನನ್ನಂಥವರಿಗೆ ಇವು ಯಾವುವೂ ಸಿಗುವುದಿಲ್ಲ. ಆದ್ದರಿಂದ ಇಂಥ ಸಂದರ್ಶನವನ್ನು ಎದುರಿಸಿದವರಿಂದಲೇ ಕೆಲವು ವಿಷಯ ತಿಳಿಯಬಯಸುತ್ತೇನೆ. ಕೇಸ್ ಸುತ್ತಿನಲ್ಲಿ ಅವರು ಸರಿಯಾದ ಉತ್ತರವನ್ನು ನಿರೀಕ್ಷಿಸುತ್ತಾರೆಯೇ, ಅಥವಾ ಬೇರೇನನ್ನಾದರೂ ಅಳೆಯುತ್ತಾರೆಯೇ? ಎಂಬಿಎ ಓದದವರು ಫ್ರೇಮ್‌ವರ್ಕ್‌ಗಳನ್ನೆಲ್ಲ, ಅಂದರೆ ವಿಶ್ಲೇಷಣೆಯ ಸಿದ್ಧ ಚೌಕಟ್ಟುಗಳನ್ನೆಲ್ಲ, ಕಲಿತುಕೊಂಡೇ ಹೋಗಬೇಕೇ? ಎಸ್‌ಎಸ್‌ಎಲ್‌ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಇಂಗ್ಲಿಷಿನಲ್ಲಿ ಕೆಲಸ ನಡೆಸಲು ತೊಂದರೆಯಿಲ್ಲ. ಆದರೆ ಲೆಕ್ಕ ಮಾಡುತ್ತಾ, ಯೋಚಿಸುತ್ತಾ, ಅದೇ ಹೊತ್ತಿಗೆ ಮಾತನಾಡಲೂ ಬೇಕಾದಾಗ ವೇಗ ಕಡಿಮೆಯಾಗುತ್ತದೆ. ಇದರಿಂದ ಎಷ್ಟರಮಟ್ಟಿಗೆ ಹಿನ್ನಡೆಯಾಗಬಹುದು? ದಯವಿಟ್ಟು ನಿಮ್ಮ ಅನುಭವವನ್ನು ವಿವರವಾಗಿ ತಿಳಿಸಿ.

ಉತ್ತರ: ಮಲೆನಾಡಿನ ಓದುಗ

ನಮಸ್ಕಾರ. ಇಂಥ ಸಂಸ್ಥೆಯೊಂದರಲ್ಲಿ ಹಲವು ವರ್ಷ ಕೆಲಸ ಮಾಡಿದ್ದೇನೆ. ಅಭ್ಯರ್ಥಿಯಾಗಿ ಕೇಸ್ ಬಿಡಿಸಿದ್ದೇನೆ, ಮುಂದೆ ಅಭ್ಯರ್ಥಿಗಳಿಗೆ ಕೇಸ್ ಕೊಟ್ಟೂ ಇದ್ದೇನೆ. ನಿಮ್ಮ ಮೊದಲ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯವಾದದ್ದರಿಂದ ಅದಕ್ಕೆ ವಿವರವಾಗಿ ಉತ್ತರಿಸುತ್ತೇನೆ.

ಉದ್ಯಮವೊಂದರ ಸಮಸ್ಯೆಯನ್ನು ಎರಡು ಮೂರು ವಾಕ್ಯಗಳಲ್ಲಿ ಮುಂದಿಟ್ಟು, ಅರ್ಧ ಗಂಟೆಯ ಆಸುಪಾಸಿನಲ್ಲಿ ಅಭ್ಯರ್ಥಿ ಅದನ್ನು ಹೇಗೆ ಬಿಡಿಸುತ್ತಾ ಹೋಗುತ್ತಾರೆ ಎಂದು ನೋಡುವುದೇ ಕೇಸ್ ಸಂದರ್ಶನ. ಸಂಸ್ಥೆಯಿಂದ ಸಂಸ್ಥೆಗೆ ನಡೆಸುವ ರೀತಿ ಸ್ವಲ್ಪ ಬದಲಾಗುತ್ತದೆ. ಮೆಕಿನ್ಸೆಯಲ್ಲಿ ಸಾಮಾನ್ಯವಾಗಿ ಸಂದರ್ಶಕರೇ ಒಂದಾದ ಮೇಲೊಂದು ಪ್ರಶ್ನೆ ಕೇಳುತ್ತಾ ಕೇಸನ್ನು ಮುನ್ನಡೆಸುತ್ತಾರೆ; ಬಿಸಿಜಿ (ಬೋಸ್ಟನ್ ಕನ್ಸಲ್ಟಿಂಗ್ ಗ್ರೂಪ್) ಮತ್ತು ಬೇನ್ ಸಂಸ್ಥೆಗಳಲ್ಲಿ ಅಭ್ಯರ್ಥಿಯೇ ಮುಂದಿನ ಹೆಜ್ಜೆ ಏನೆಂದು ನಿರ್ಧರಿಸಬೇಕಾದ ಸಂದರ್ಭಗಳು ಹೆಚ್ಚು. ನಿಮ್ಮನ್ನು ಕರೆದಿರುವ ಸಂಸ್ಥೆಯಲ್ಲಿ ಯಾವ ಪದ್ಧತಿಯಿದೆ ಎಂದು ಎಚ್‌ಆರ್ ವಿಭಾಗದವರನ್ನು ಕೇಳಿದರೆ ಹೇಳುತ್ತಾರೆ. ಹಾಗೆ ಕೇಳುವುದರಲ್ಲಿ ಸಂಕೋಚವೇನೂ ಬೇಡ.

ಲೆಕ್ಕದಲ್ಲಿ ತಪ್ಪಿದರೆ ಅದು ಗಮನಕ್ಕೆ ಬಂದೇ ಬರುತ್ತದೆ, ನಿಜ. ಆದರೆ ಸಂದರ್ಶಕರು ಬರೆದುಕೊಳ್ಳುವ ಟಿಪ್ಪಣಿಯಲ್ಲಿ ಹೆಚ್ಚಿನ ಜಾಗ ಪಡೆಯುವುದು ಬೇರೆ ಸಂಗತಿಗಳು: ಸಮಸ್ಯೆಯನ್ನು ಯಾವ ಭಾಗಗಳಾಗಿ ಒಡೆದರು, ಯಾವ ಭಾಗವನ್ನು ಮೊದಲು ನೋಡಬೇಕೆಂದು ಹೇಗೆ ತೀರ್ಮಾನಿಸಿದರು, ಹೊಸ ಮಾಹಿತಿ ಸಿಕ್ಕಾಗ ತಮ್ಮ ಊಹೆಯನ್ನು ಬದಲಿಸಿಕೊಂಡರೇ, ಕೊನೆಗೆ ಒಂದು ನಿಲುವಿಗೆ ಬಂದರೇ ಎಂಬವು. ಬರಿಯ ಮಾತಿನಲ್ಲಿ ಇದು ಮನದಟ್ಟಾಗುವುದಿಲ್ಲವಾದ್ದರಿಂದ, ಅಭ್ಯಾಸಕ್ಕೆಂದು ನಾನು ಕಿರಿಯರಿಗೆ ಕೊಡುತ್ತಿರುವ ಒಂದು ಕೇಸನ್ನೇ ಇಲ್ಲಿ ಬಿಡಿಸಿ ತೋರಿಸುತ್ತೇನೆ. ಅಂಕಿಗಳೆಲ್ಲ ಅಭ್ಯಾಸಕ್ಕಾಗಿ ಇಟ್ಟುಕೊಂಡವು.

ಹುಬ್ಬಳ್ಳಿಯಿಂದ ಬೆಂಗಳೂರಿಗೆ ರಾತ್ರಿ ಸ್ಲೀಪರ್ ಬಸ್ಸುಗಳನ್ನು ಓಡಿಸುವ ಖಾಸಗಿ ಮಾಲೀಕರೊಬ್ಬರ ಲಾಭ ಕಡಿಮೆಯಾಗಿದೆ. ಕಾರಣವೇನು, ಏನು ಮಾಡಬೇಕು? ಇಷ್ಟೇ ಪ್ರಶ್ನೆ. ಹೆಚ್ಚಿನವರು ತಕ್ಷಣ ಕಾರಣಗಳನ್ನು ಹೇಳಲು ಶುರುಮಾಡುತ್ತಾರೆ: ಡೀಸೆಲ್ ಬೆಲೆ, 2023ರ ಜೂನ್‌ನಲ್ಲಿ ಆರಂಭವಾದ ಧಾರವಾಡದ ವಂದೇ ಭಾರತ್ ರೈಲು, ಅದೇ ತಿಂಗಳು ಜಾರಿಗೆ ಬಂದ ಶಕ್ತಿ ಯೋಜನೆ, ಹೀಗೆ. ಇವುಗಳಲ್ಲಿ ಯಾವುದಾದರೊಂದು ನಿಜವೇ ಇರಬಹುದು. ಆದರೆ ಲಾಭ ಆದಾಯದ ಕಡೆಯಿಂದ ಕುಸಿದಿದೆಯೋ ಖರ್ಚಿನ ಕಡೆಯಿಂದ ಕುಸಿದಿದೆಯೋ ಎಂಬುದೇ ತಿಳಿಯದೆ ಕಾರಣ ಹೇಳಿದರೆ ಅದು ಊಹೆಯಾಗಿ ಉಳಿಯುತ್ತದೆ. ಕ್ರಮ ಬಲ್ಲ ಅಭ್ಯರ್ಥಿ ಮೊದಲು ಒಂದು ನಿಮಿಷ ಸಮಯ ಕೇಳಿ ಕಾಗದದ ಮೇಲೆ ಬರೆದುಕೊಳ್ಳುತ್ತಾರೆ: ಒಂದು ಟ್ರಿಪ್ಪಿನ ಆದಾಯವೆಂದರೆ ತುಂಬಿದ ಬರ್ತ್‌ಗಳು ಗುಣಿಸು ಟಿಕೆಟ್ ದರ, ಖರ್ಚೆಂದರೆ ಡೀಸೆಲ್, ಟೋಲ್, ಚಾಲಕರ ಸಂಬಳ ಮತ್ತು ಭತ್ಯೆ, ಬುಕಿಂಗ್ ಕಮಿಷನ್, ರಸ್ತೆ ತೆರಿಗೆ, ಬಸ್ಸಿನ ಸಾಲದ ಕಂತು. ಆಮೇಲೆ ಅಂಕಿಗಳನ್ನು ಕೇಳುತ್ತಾರೆ.

ಸಂದರ್ಶಕರು ಹೇಳುತ್ತಾರೆ: 36 ಬರ್ತ್‌ಗಳ ಬಸ್ಸು, ದರ 1,000 ರೂಪಾಯಿ. ಮೊದಲು ಸರಾಸರಿ 30 ಬರ್ತ್ ತುಂಬುತ್ತಿದ್ದವು, ಈಗ 27. ಟ್ರಿಪ್ಪಿನ ಖರ್ಚು ಮೊದಲು 25,000, ಈಗ 25,500. ಅಂದರೆ ಲಾಭ 5,000ದಿಂದ 1,500ಕ್ಕೆ ಇಳಿದಿದೆ. ಕಡಿಮೆಯಾದ 3,500ರಲ್ಲಿ 3,000 ಆದಾಯದ ಕಡೆಯದು. ಇಲ್ಲಿಗೆ ಖರ್ಚಿನ ವಿಚಾರವನ್ನು ಸದ್ಯಕ್ಕೆ ಬದಿಗಿಡಬಹುದು ಎಂದು ಅಭ್ಯರ್ಥಿ ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ, ಡೀಸೆಲ್ ವಿಷಯವನ್ನು ಬೇಕೆಂದೇ ಬಿಟ್ಟರೋ ಮರೆತರೋ ಎಂಬುದು ಎದುರಿಗಿದ್ದವರಿಗೆ ತಿಳಿಯುವುದಿಲ್ಲ.

ಮುಂದಿನ ಪ್ರಶ್ನೆ, ಬರ್ತ್‌ಗಳು ಯಾವ ದಿನ ಖಾಲಿಯಾಗುತ್ತಿವೆ ಎಂಬುದು. ಶುಕ್ರ, ಶನಿ, ಭಾನುವಾರ ಮೊದಲೂ 34, ಈಗಲೂ 34. ಉಳಿದ ನಾಲ್ಕು ರಾತ್ರಿಗಳಲ್ಲಿ ಮೊದಲು 27 ತುಂಬುತ್ತಿದ್ದವು, ಈಗ 22 ಎಂಬ ಉತ್ತರ ಬರುತ್ತದೆ. ಈ ಹಂತದಲ್ಲಿ ಸಮಸ್ಯೆಯ ಸ್ವರೂಪವೇ ಬದಲಾಗುತ್ತದೆ. ವಾರಾಂತ್ಯಕ್ಕೆ ಊರಿಗೆ ಹೋಗಿಬರುವವರು ಎಲ್ಲಿಗೂ ಹೋಗಿಲ್ಲ; ವಾರದ ನಡುವೆ ಕೆಲಸಕ್ಕೆಂದು ಪ್ರಯಾಣಿಸುವವರು ಕಡಿಮೆಯಾಗಿದ್ದಾರೆ. ಶಕ್ತಿ ಯೋಜನೆಯ ಉಚಿತ ಪ್ರಯಾಣ ಐಷಾರಾಮಿ ಮತ್ತು ಸ್ಲೀಪರ್ ಬಸ್ಸುಗಳಿಗೆ ಅನ್ವಯಿಸುವುದಿಲ್ಲ. ಒಂದು ಸಾವಿರ ಕೊಟ್ಟು ಮಲಗಿಕೊಂಡು ಹೋಗುತ್ತಿದ್ದವರು ಸಾಮಾನ್ಯ ಬಸ್ಸಿನಲ್ಲಿ ರಾತ್ರಿಯೆಲ್ಲ ಕುಳಿತು ಹೋಗಲು ಒಪ್ಪಿದ್ದಾರೆಯೇ ಎಂದು ಕೇಳಿಕೊಂಡರೆ, ಆ ಕಾರಣ ಸ್ವಲ್ಪ ದುರ್ಬಲವೆನಿಸುತ್ತದೆ. ಅದಕ್ಕಿಂತ ಹಗಲಿನಲ್ಲಿ ಓಡುವ ರೈಲಿಗೆ ಹೋದವರೆಷ್ಟು, ಪ್ರತಿಸ್ಪರ್ಧಿ ಬಸ್ಸುಗಳಿಗೆ ಹೋದವರೆಷ್ಟು ಎಂಬುದನ್ನು ವಿಚಾರಿಸುವುದು ಮೇಲು. ನೀವು ಕರ್ನಾಟಕದವರೆಂಬುದು ಇಂಥ ಕಡೆ ನಿಮಗೆ ಅನುಕೂಲ. ಊರು, ರಸ್ತೆ, ಜನ ಗೊತ್ತಿರುವವರ ಊಹೆಗೆ ಬೇರೆಯೇ ತೂಕವಿರುತ್ತದೆ.

ಈಗ ಸಲಹೆ ಕೊಡಬೇಕು. ಮಾಲೀಕರು ಪ್ರತಿ ರಾತ್ರಿ ನಾಲ್ಕು ಬಸ್ಸು ಬಿಡುತ್ತಾರೆ ಎಂದಿಟ್ಟುಕೊಳ್ಳಿ. ವಾರದ ನಡುವಿನ ರಾತ್ರಿಗಳಲ್ಲಿ ಒಟ್ಟು 88 ಪ್ರಯಾಣಿಕರು. ಮೂರು ಬಸ್ಸುಗಳಲ್ಲಿ 108 ಬರ್ತ್‌ಗಳಿವೆ. ಒಂದು ಬಸ್ಸನ್ನು ನಿಲ್ಲಿಸಿದರೆ ಉಳಿಯುವುದು ಪೂರ್ತಿ 25,500 ಅಲ್ಲ, ಏಕೆಂದರೆ ಸಾಲದ ಕಂತು ಮತ್ತು ತೆರಿಗೆ ಬಸ್ಸು ನಿಂತರೂ ಕಟ್ಟಲೇಬೇಕು. ಓಡಿದರೆ ಮಾತ್ರ ಆಗುವ ಖರ್ಚು 16,000 ಎಂದು ಸಂದರ್ಶಕರು ಹೇಳುತ್ತಾರೆ. ಆ ಬಸ್ಸಿನ ಹೊತ್ತಿಗೇ ಹೊರಡಬೇಕೆನ್ನುವ ನಾಲ್ವರು ಕೈತಪ್ಪಿದರೆ 4,000 ನಷ್ಟ. ಆದರೂ ರಾತ್ರಿಗೆ 12,000, ನಾಲ್ಕು ರಾತ್ರಿಗೆ 48,000 ಉಳಿತಾಯ. ನಿಂತ ಬಸ್ಸನ್ನು ಆ ದಿನಗಳಲ್ಲಿ ಮದುವೆ ದಿಬ್ಬಣಕ್ಕೋ ಯಾತ್ರೆಗೋ ಬಾಡಿಗೆಗೆ ಬಿಡಬಹುದೇ ಎಂದು ಕೇಳುವ ಅಭ್ಯರ್ಥಿ, ಮಾಲೀಕರ ಜಾಗದಲ್ಲಿ ನಿಂತು ಯೋಚಿಸುತ್ತಿದ್ದಾರೆಂದು ನಾನು ಬರೆದುಕೊಳ್ಳುತ್ತೇನೆ. ಬಸ್ಸು ನಿಂತರೂ ಕಂತು ತಪ್ಪುವುದಿಲ್ಲ ಎಂಬ ಸೂಕ್ಷ್ಮವನ್ನು ಯಾರೂ ನೆನಪಿಸದೆಯೇ ಹಿಡಿದವರು ಎಂಬಿಎ ಓದಿದ್ದಾರೋ ಇಲ್ಲವೋ ಎಂದು ಆಮೇಲೆ ಯಾರೂ ನೋಡುವುದಿಲ್ಲ.

ಫ್ರೇಮ್‌ವರ್ಕ್‌ಗಳ ಬಗ್ಗೆ ಕೇಳಿದ್ದೀರಿ. ಮೈಕೆಲ್ ಪೋರ್ಟರ್ 1979ರಲ್ಲಿ ಮಂಡಿಸಿದ ಐದು ಶಕ್ತಿಗಳ ವಿಶ್ಲೇಷಣೆ, ಬಿಸಿಜಿಯ ಸ್ಥಾಪಕ ಬ್ರೂಸ್ ಹೆಂಡರ್ಸನ್ 1970ರಲ್ಲಿ ಪ್ರಚುರಪಡಿಸಿದ ಬೆಳವಣಿಗೆ ಮತ್ತು ಮಾರುಕಟ್ಟೆ ಪಾಲಿನ ಚೌಕ, ಇವುಗಳನ್ನು ತಿಳಿದಿದ್ದರೆ ಒಳ್ಳೆಯದು. ಆದರೆ ಮೇಲಿನ ಬಸ್ಸಿನ ಕೇಸಿಗೆ ಇವೆರಡರಲ್ಲಿ ಯಾವುದನ್ನು ಹೊರಿಸಿದರೂ ದಾರಿ ತಪ್ಪುತ್ತಿತ್ತು. ನಿಜವಾಗಿ ರೂಢಿಸಿಕೊಳ್ಳಬೇಕಾದದ್ದು, 1960ರ ದಶಕದಲ್ಲಿ ಮೆಕಿನ್ಸೆ ಸೇರಿದ ಬಾರ್ಬರಾ ಮಿಂಟೊ ಅವರ ಹೆಸರಿನೊಂದಿಗೆ ಸೇರಿಕೊಂಡಿರುವ ಒಂದು ಶಿಸ್ತನ್ನು: ಸಮಸ್ಯೆಯನ್ನು ಒಡೆದಾಗ ಭಾಗಗಳು ಒಂದರ ಮೇಲೊಂದು ಬೀಳಬಾರದು, ಎಲ್ಲ ಸೇರಿದಾಗ ಏನೂ ಬಿಟ್ಟುಹೋಗಿರಬಾರದು. ‘ಮೀಸಿ’ ಎಂದು ಈ ವೃತ್ತಿಯವರು ಕರೆಯುವುದು ಇದನ್ನೇ. ಕಾರ್ಖಾನೆಯಲ್ಲಿ ಯಂತ್ರ ನಿಂತುಹೋದ ಕಾರಣಗಳನ್ನು ವಿಂಗಡಿಸುವ ಅಭ್ಯಾಸ ನಿಮಗಿದ್ದೇ ಇರುತ್ತದೆ. ಅದೂ ಇದೇ ಶಿಸ್ತು.

ಉತ್ತರ: ಮಂಗಳೂರು ಸಿಎ

ಮೇಲಿನ ಉತ್ತರದಲ್ಲಿ ಕೇಸ್ ಕುರಿತು ಹೇಳಿರುವುದನ್ನು ಒಪ್ಪುತ್ತೇನೆ. ಆದರೆ ಕನ್ಸಲ್ಟಿಂಗ್ ಎಂಬ ಹೆಸರಿನಡಿ ಬಹಳ ಬೇರೆ ಬೇರೆ ಕೆಲಸಗಳು ನಡೆಯುತ್ತವೆ ಎಂಬುದನ್ನು ಇದನ್ನು ಓದುವ ಇತರರೂ ಗಮನಿಸಬೇಕು. ಮೆಕಿನ್ಸೆ, ಬಿಸಿಜಿ, ಬೇನ್‌ನಂಥ ಸಂಸ್ಥೆಗಳಲ್ಲಿ ಕೇಸ್ ಇಲ್ಲದೆ ಸಂದರ್ಶನವಿಲ್ಲ. ಡೆಲಾಯ್ಟ್, ಪಿಡಬ್ಲ್ಯುಸಿ, ಇವೈ, ಕೆಪಿಎಂಜಿ ಎಂಬ ನಾಲ್ಕು ದೊಡ್ಡ ಸಂಸ್ಥೆಗಳಲ್ಲಿ ವಿಭಾಗದಿಂದ ವಿಭಾಗಕ್ಕೆ ಸಂದರ್ಶನ ಬದಲಾಗುತ್ತದೆ. ತಂತ್ರಜ್ಞಾನ ವಿಭಾಗದಲ್ಲಿ ನೀವು ಕೆಲಸ ಮಾಡಿದ ಸಾಫ್ಟ್‌ವೇರ್ ಬಗ್ಗೆ ಕೇಳುತ್ತಾರೆ, ತೆರಿಗೆ ವಿಭಾಗದಲ್ಲಿ ಕಾನೂನು ಕೇಳುತ್ತಾರೆ. ಯಾವ ತಂಡಕ್ಕೆ ಕರೆದಿದ್ದಾರೆ ಎಂದು ತಿಳಿಯದೆ ಸಿದ್ಧತೆ ಆರಂಭಿಸಿದರೆ ಶ್ರಮ ವ್ಯರ್ಥವಾಗುತ್ತದೆ.

ನಾನು ಹೋಗಿದ್ದು, ಒಂದು ಕಂಪನಿಯನ್ನು ಕೊಳ್ಳುವ ಮೊದಲು ಅದರ ಲೆಕ್ಕಪತ್ರಗಳನ್ನು ಪರಿಶೀಲಿಸಿ ಕೊಳ್ಳುವವರಿಗೆ ವರದಿ ಕೊಡುವ ತಂಡಕ್ಕೆ. ಅಲ್ಲಿ ಬಸ್ಸಿನಂಥ ತೆರೆದ ಕೇಸ್ ಇರಲಿಲ್ಲ. ನಮ್ಮ ಕರಾವಳಿಯವಳೆಂದು ತಿಳಿದು, ಕುಟುಂಬವೊಂದು ನಡೆಸುತ್ತಿರುವ ಗೇರುಬೀಜದ ಕಾರ್ಖಾನೆಯನ್ನು ಕೊಳ್ಳಲು ಹೊರಟವರಿಗೆ ಏನೇನು ನೋಡಬೇಕೆಂದು ಹೇಳುವಿರಿ ಎಂದು ಕೇಳಿದರು. ಗೇರು ಋತುಮಾನದ ಬೆಳೆ. ಆಫ್ರಿಕಾದಿಂದ ಬರುವ ಕಚ್ಚಾ ಬೀಜವನ್ನೂ ಇಲ್ಲಿನ ಬೀಜವನ್ನೂ ವರ್ಷದ ಕೆಲವೇ ತಿಂಗಳುಗಳಲ್ಲಿ ಭಾರಿ ಹಣ ಹಾಕಿ ಕೊಂಡಿಟ್ಟುಕೊಳ್ಳಬೇಕಾಗುತ್ತದೆ. ಹಾಗಾಗಿ ಮಾರ್ಚ್ 31ರ ಆಸ್ತಿ ಹೊಣೆ ಪಟ್ಟಿ ಒಂದನ್ನೇ ನೋಡಿ ದುಡಿಮೆ ಬಂಡವಾಳ ಇಷ್ಟು ಸಾಕೆಂದರೆ ಕೊಂಡವರು ಮುಂದೆ ಕಷ್ಟಕ್ಕೆ ಸಿಲುಕುತ್ತಾರೆ, ತಿಂಗಳುವಾರು ಅಂಕಿ ಬೇಕು ಎಂದೆ. ಮಾಲೀಕರ ಮನೆಯವರು ಕಡಿಮೆ ಸಂಬಳಕ್ಕೆ, ಕೆಲವೊಮ್ಮೆ ಸಂಬಳವೇ ಇಲ್ಲದೆ ದುಡಿಯುತ್ತಿರುತ್ತಾರೆ. ಹೊರಗಿನವರು ಆ ಜಾಗಕ್ಕೆ ಬಂದರೆ ಆಗುವ ಖರ್ಚನ್ನು ಲಾಭದಿಂದ ಕಳೆದು ನೋಡಬೇಕು ಎಂದೂ ಹೇಳಿದೆ. ಅಲ್ಲಿಂದ ಮಾತು ಸಂಬಂಧಿಕರ ಕಂಪನಿಗಳೊಂದಿಗಿನ ವ್ಯವಹಾರದ ಕಡೆಗೆ ಹೋಯಿತು. ಇದೂ ಕೇಸೇ ಆಗಿತ್ತೆಂದು ಅವರು ಹೆಸರಿಟ್ಟು ಕರೆಯಲಿಲ್ಲ, ಅಷ್ಟೇ.

ವೈಯಕ್ತಿಕ ಅನುಭವದ ಸುತ್ತನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು ಎಂಬುದೇ ನಾನು ಒತ್ತಿ ಹೇಳಬೇಕೆಂದಿರುವ ಮಾತು. ಕೇಸಿಗೆ ವಾರಗಟ್ಟಲೆ ಅಭ್ಯಾಸ ಮಾಡಿದವರು ಇದಕ್ಕೆ ಹಿಂದಿನ ರಾತ್ರಿ ಕುಳಿತು ನಾಲ್ಕು ಸಾಲು ಬರೆದುಕೊಂಡು ಹೋಗುತ್ತಾರೆ. ಮೆಕಿನ್ಸೆಯಂಥ ಸಂಸ್ಥೆ ಇದಕ್ಕೆಂದೇ ಸಂದರ್ಶನದಲ್ಲಿ ಪ್ರತ್ಯೇಕ ಭಾಗ ಇಟ್ಟಿದೆ. ಅಲ್ಲಿ ಹತ್ತು ಘಟನೆಗಳ ಪಟ್ಟಿ ಕೇಳುವುದಿಲ್ಲ. ಒಂದೇ ಘಟನೆಯನ್ನು ಹಿಡಿದು ಆಳಕ್ಕೆ ಇಳಿಯುತ್ತಾರೆ. ನಿಮ್ಮ ಮಾತನ್ನು ಒಪ್ಪದಿದ್ದವರು ಯಾರು, ಅವರು ಒಪ್ಪದಿರಲು ನಿಜವಾದ ಕಾರಣವೇನಿತ್ತು, ನೀವು ಅವರಿಗೆ ಏನು ಹೇಳಿದಿರಿ, ಅದಕ್ಕೆ ಅವರು ಏನೆಂದರು, ಆಗ ನಿಮಗೇನನ್ನಿಸಿತು, ಮುಂದೆ ಯಾರನ್ನು ಭೇಟಿ ಮಾಡಿದಿರಿ ಎಂದು ಕೇಳುತ್ತಲೇ ಹೋಗುತ್ತಾರೆ. ಬೇರೆಯವರ ಘಟನೆಯನ್ನು ತಮ್ಮದೆಂದು ಹೇಳಿದವರು ಈ ಹಂತದಲ್ಲಿ ಉಳಿಯುವುದಿಲ್ಲ. ನಮ್ಮಲ್ಲಿ ಅನೇಕರು ವಿನಯದಿಂದ ಎಲ್ಲವನ್ನೂ ತಂಡಕ್ಕೆ ಒಪ್ಪಿಸಿಬಿಡುತ್ತೇವೆ. ತಂಡವನ್ನು ಗೌರವಿಸುತ್ತಲೇ ಅದರೊಳಗೆ ತಾನು ಮಾಡಿದ ಕೆಲಸ ಯಾವುದೆಂದು ಸ್ಪಷ್ಟವಾಗಿ ಹೇಳುವುದು ಅಹಂಕಾರವಲ್ಲ. ನನ್ನ ಸಂದರ್ಶಕರು ಒಂದು ಸಲ ಮಾತು ತಡೆದು, ಆ ಪತ್ರವನ್ನು ಬರೆದವರು ಯಾರು ಎಂದೇ ಕೇಳಿದರು.

ನೀವು ಕಾರ್ಖಾನೆಯವರು. ಮೇಲ್ವಿಚಾರಕರು, ಯೂನಿಯನ್ನಿನವರು, ಗುಣಮಟ್ಟ ವಿಭಾಗ, ಸರಬರಾಜುದಾರರು, ಇಷ್ಟು ಜನರನ್ನು ಒಪ್ಪಿಸಿ ಒಂದು ಬದಲಾವಣೆ ತಂದ ಸಂದರ್ಭ ನಿಮ್ಮ ಬಳಿ ಖಂಡಿತ ಇರುತ್ತದೆ. ಅದನ್ನು ಬರೆದಿಟ್ಟುಕೊಂಡು, ಆ ಕ್ಷೇತ್ರ ತಿಳಿಯದ ಮನೆಯವರೊಬ್ಬರಿಗೆ ಹೇಳಿ ನೋಡಿ. ಅವರು ಎಲ್ಲಿ ಪ್ರಶ್ನೆ ಕೇಳುತ್ತಾರೋ ಸಂದರ್ಶಕರೂ ಹೆಚ್ಚುಕಡಿಮೆ ಅಲ್ಲೇ ಕೇಳುತ್ತಾರೆ.

ಉತ್ತರ: ಬೆಳಗಾವಿಯಿಂದ

ಮೇಲಿನ ಇಬ್ಬರೂ ಉಪಯುಕ್ತ ಮಾತು ಹೇಳಿದ್ದಾರೆ. ಆದರೆ ಇಬ್ಬರೂ ಆಯ್ಕೆಯಾದವರು ಎಂದು ತೋರುತ್ತದೆ. ಕೊನೆಯ ಸುತ್ತಿನಲ್ಲಿ ಕೈಬಿಡಲ್ಪಟ್ಟವನ ಅನುಭವವೂ ಇಲ್ಲಿ ಇರಲಿ ಎಂದು ಬರೆಯುತ್ತಿದ್ದೇನೆ.

ಬುದ್ಧಿವಂತಿಕೆ, ಕ್ರಮಬದ್ಧತೆ ಎಲ್ಲವೂ ಸಂದರ್ಶನದ ಕೋಣೆಗೆ ಹೋದ ಮೇಲಿನ ಮಾತು. ಅದಕ್ಕೂ ಮುಂಚೆ ರೆಸ್ಯೂಮೆ ನೋಡಿ ಕರೆಯುವವರು ಯಾರನ್ನು ಕರೆಯುತ್ತಾರೆ ಎಂಬುದೇ ದೊಡ್ಡ ಜರಡಿ. ಬನ್ನೇರುಘಟ್ಟ ರಸ್ತೆಯ ಐಐಎಂ ಆವರಣಕ್ಕೆ ಈ ಸಂಸ್ಥೆಗಳು ತಾವಾಗಿಯೇ ಹೋಗುತ್ತವೆ. ಜಿಲ್ಲಾ ಕೇಂದ್ರದ ಇಂಜಿನಿಯರಿಂಗ್ ಕಾಲೇಜಿನಿಂದ ಬಂದವರು ಪರಿಚಿತರೊಬ್ಬರ ಶಿಫಾರಸು ಇಲ್ಲದೆ ಈ ಹಂತಕ್ಕೆ ಬರುವುದು ಅಪರೂಪ. ಪ್ರಶ್ನೆ ಕೇಳಿರುವವರು ಈ ಜರಡಿಯನ್ನು ದಾಟಿದ್ದಾರೆ. ಅದು ಸಣ್ಣ ವಿಷಯವಲ್ಲ, ಅಷ್ಟರ ಧೈರ್ಯ ಇಟ್ಟುಕೊಂಡೇ ಒಳಗೆ ಹೋಗಬೇಕು.

ಭಾಷೆಯ ವಿಷಯವನ್ನು ಮೊದಲ ಉತ್ತರದವರು ಮುಟ್ಟಲಿಲ್ಲ. ಅದು ಲೆಕ್ಕಕ್ಕೇ ಬರುವುದಿಲ್ಲವೆಂದು ಯಾರಾದರೂ ಹೇಳಿದರೆ ನಾನು ಒಪ್ಪಲಾರೆ. ನಮ್ಮ ಉಚ್ಚಾರಣೆಯನ್ನು ಯಾರೂ ಆಕ್ಷೇಪಿಸಲಿಲ್ಲ, ಅದು ನಿಜ. ಆದರೆ ಕ್ಲೈಂಟ್ ಕಂಪನಿಯ ನಿರ್ದೇಶಕರ ಮುಂದೆ ಈ ವ್ಯಕ್ತಿಯನ್ನು ಮುಂದಿನ ವಾರವೇ ಕೂರಿಸಬಹುದೇ ಎಂದು ಸಂಸ್ಥೆಯ ಹಿರಿಯ ಪಾಲುದಾರರು ನಡೆಸುವ ಪಾರ್ಟ್‌ನರ್ ಸುತ್ತಿನಲ್ಲಿ ಅಳೆಯುತ್ತಾರೆ. ಉದ್ದನೆಯ ವಾಕ್ಯವನ್ನು ಆರಂಭಿಸಿ ನಡುವೆ ಪದಕ್ಕಾಗಿ ತಡಕಾಡಿದರೆ, ಆಲೋಚನೆ ಸರಿಯಾಗಿದ್ದರೂ ಅದು ತಲುಪುವುದಿಲ್ಲ. ಇದಕ್ಕೆ ನಾನು ಕಂಡುಕೊಂಡ ಉಪಾಯವೆಂದರೆ ತೀರ್ಮಾನವನ್ನು ಮೊದಲು ಹೇಳಿ ಕಾರಣವನ್ನು ಆಮೇಲೆ ಕೊಡುವುದು, ವಾಕ್ಯಗಳನ್ನು ಚಿಕ್ಕದಾಗಿಡುವುದು. ಮನಸ್ಸಿನಲ್ಲಿ ಕನ್ನಡದಲ್ಲೇ ಲೆಕ್ಕ ಮಾಡಿಕೊಂಡು, ಮುಗಿದ ಮೇಲೆ ಹಂತಗಳನ್ನು ಇಂಗ್ಲಿಷಿನಲ್ಲಿ ಹೇಳಿದರೆ ಯಾರ ಅಡ್ಡಿಯೂ ಇಲ್ಲ. ಎಷ್ಟೋ ಮಂದಿ ಮೌನವಾಗಿ ಕಾಗದದ ಮೇಲೆ ಲೆಕ್ಕ ಮಾಡಲು ಅರ್ಧ ನಿಮಿಷ ಕೇಳಲೂ ಹಿಂಜರಿಯುತ್ತಾರೆ. ಕೇಳಬೇಕು.

ಲಕ್ಷ, ಕೋಟಿ ಮತ್ತು ಮಿಲಿಯನ್, ಬಿಲಿಯನ್ ನಡುವೆ ಓಡಾಡುವುದನ್ನು ಮಾತ್ರ ಚೆನ್ನಾಗಿ ರೂಢಿಸಿಕೊಳ್ಳಿ. ಹತ್ತು ಲಕ್ಷ ಒಂದು ಮಿಲಿಯನ್, ಒಂದು ಕೋಟಿ ಹತ್ತು ಮಿಲಿಯನ್, ನೂರು ಕೋಟಿ ಒಂದು ಬಿಲಿಯನ್. ಕೇಳಲು ಸುಲಭ, ಗಡಿಬಿಡಿಯಲ್ಲಿ ಒಂದು ಸೊನ್ನೆ ಜಾರಿದರೆ ಉತ್ತರ ಹತ್ತುಪಟ್ಟು ತಪ್ಪುತ್ತದೆ. ಬೆಂಗಳೂರಿಗೆ ದಿನಕ್ಕೆ ಎಷ್ಟು ಹಾಲು ಬೇಕು ಎಂಬಂಥ ಅಂದಾಜಿನ ಪ್ರಶ್ನೆಗಳು ಇದಕ್ಕೆ ಒಳ್ಳೆಯ ಅಭ್ಯಾಸ. 2011ರ ಜನಗಣತಿಯಲ್ಲಿ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ ಸುಮಾರು 96 ಲಕ್ಷ, ಈಗ 1.4 ಕೋಟಿ ಎಂದಿಟ್ಟುಕೊಂಡು, ಮನೆಗೆ ನಾಲ್ವರಂತೆ 35 ಲಕ್ಷ ಮನೆಗಳು, ಮನೆಗೆ ಮುಕ್ಕಾಲು ಲೀಟರ್ ಎಂದರೆ ಸುಮಾರು 26 ಲಕ್ಷ ಲೀಟರ್, ದರ್ಶಿನಿ, ಹೋಟೆಲು, ಸಿಹಿತಿಂಡಿ ಅಂಗಡಿಗಳಿಗೆ ಅದರ ಕಾಲು ಭಾಗ ಸೇರಿಸಿದರೆ 33 ಲಕ್ಷದ ಹತ್ತಿರ. ಇಲ್ಲಿ ಮುಕ್ಕಾಲು ಲೀಟರ್ ಏಕೆ, ಕಾಲು ಭಾಗ ಏಕೆ ಎಂಬ ಪ್ರಶ್ನೆ ಬಂದೇ ಬರುತ್ತದೆ. ಅದಕ್ಕೆ ಉತ್ತರ ಸಿದ್ಧವಿರಲಿ.

ಇನ್ನು ನನಗೆ ಬೇಸರ ತಂದ ಸಂಗತಿ. ಕೊನೆಯ ಸುತ್ತಿಗೆ ಕರೆಸಿಕೊಂಡ ಆ ಸಂಸ್ಥೆ, ವಾರದೊಳಗೆ ತಿಳಿಸುತ್ತೇವೆಂದು ಹೇಳಿ ಎರಡು ತಿಂಗಳವರೆಗೆ ಏನನ್ನೂ ತಿಳಿಸಲಿಲ್ಲ. ಆಮೇಲೆ ಬಂದದ್ದು ಎಲ್ಲರಿಗೂ ಕಳಿಸುವ ಎರಡು ಸಾಲಿನ ಇಮೇಲ್. ಎಲ್ಲಿ ಕಡಿಮೆಬಿತ್ತು ಎಂದು ಕೇಳಿ ಬರೆದ ಪತ್ರಕ್ಕೆ ಉತ್ತರವಿಲ್ಲ. ಇದು ಎಲ್ಲ ಸಂಸ್ಥೆಗಳ ರೀತಿಯಲ್ಲ; ಫೋನು ಮಾಡಿ ಹತ್ತು ನಿಮಿಷ ವಿವರಿಸಿದ ಸಂಸ್ಥೆಗಳ ಬಗ್ಗೆ ಗೆಳೆಯರಿಂದ ಕೇಳಿದ್ದೇನೆ. ಆದರೂ ರಜೆ ಹಾಕಿ, ಬಸ್ಸು ಹಿಡಿದು ರಾತ್ರಿಯೆಲ್ಲ ಪ್ರಯಾಣ ಮಾಡಿ ಬರುವ ಅಭ್ಯರ್ಥಿಗೆ ಸಕಾಲದಲ್ಲಿ ಒಂದು ಸ್ಪಷ್ಟ ಉತ್ತರ ಕೊಡುವುದು ದೊಡ್ಡ ಸಂಸ್ಥೆಗಳ ಕರ್ತವ್ಯ ಎಂದು ನಾನು ಭಾವಿಸುತ್ತೇನೆ. ಫಲಿತಾಂಶ ಕೈಗೆ ಬರುವವರೆಗೆ ಈಗಿನ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ, ಬಾಯಿಮಾತಿನ ಭರವಸೆ ಬಂದರೂ ಕೊಡಬೇಡಿ.

ಮರುಪ್ರಶ್ನೆ: ದಾವಣಗೆರೆ ಮೆಕ್ಯಾನಿಕಲ್

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಇಷ್ಟು ವಿವರವಾಗಿ ಬರೆಯುತ್ತೀರೆಂದು ನಿರೀಕ್ಷಿಸಿರಲಿಲ್ಲ. ಬೆಳಗಾವಿಯವರಿಗೆ ಆದ ಅನುಭವ ಓದಿ ಮನಸ್ಸಿಗೆ ನೋವಾಯಿತು. ನಿಮ್ಮ ಎಚ್ಚರಿಕೆಯನ್ನು ಪಾಲಿಸುತ್ತೇನೆ.

ಮಲೆನಾಡಿನವರಲ್ಲಿ ಇನ್ನೆರಡು ವಿಷಯ ಕೇಳಬೇಕಿದೆ. ಕೇಸ್ ನಡುವೆ ಮುಂದಿನ ದಾರಿ ಕಾಣದೆ ನಿಂತುಬಿಟ್ಟರೆ ಏನು ಮಾಡಬೇಕು? ಆಪರೇಷನ್ಸ್ ತಂಡವಾದ್ದರಿಂದ ಕಾರ್ಖಾನೆಗೆ ಸಂಬಂಧಿಸಿದ ಕೇಸನ್ನೇ ಕೊಡುವ ಸಾಧ್ಯತೆ ಹೆಚ್ಚೇ? ಹಾಗಿದ್ದಲ್ಲಿ ನನಗೆ ಗೊತ್ತಿರುವ ಕ್ಷೇತ್ರವೆಂಬುದು ಅನುಕೂಲವೋ, ಅಥವಾ ಅದರಲ್ಲೇ ಮುಗ್ಗರಿಸುವ ಅಪಾಯವಿದೆಯೋ?

ಉತ್ತರ: ಮಲೆನಾಡಿನ ಓದುಗ

ಬೆಳಗಾವಿಯವರು ಭಾಷೆಯ ಬಗ್ಗೆ ಬರೆದದ್ದು ಸರಿಯಾಗಿದೆ, ಅದಕ್ಕೆ ನಾನು ಸೇರಿಸಬೇಕಾದದ್ದು ಏನೂ ಇಲ್ಲ. ಶಾರ್ಟ್‌ಲಿಸ್ಟ್ ಮಾಡುವ ಕ್ರಮದ ಬಗ್ಗೆ ಅವರ ಆಕ್ಷೇಪವನ್ನೂ ಒಪ್ಪುತ್ತೇನೆ. ಒಳಗಿದ್ದಾಗಲೂ ಅದು ನನಗೆ ಸರಿಕಾಣುತ್ತಿರಲಿಲ್ಲ.

ನಡುವೆ ದಾರಿ ಕಾಣದಾದಾಗ ಮೌನವಾಗಿ ಕುಳಿತರೆ ಸಂದರ್ಶಕರಿಗೆ ಸಹಾಯ ಮಾಡಲೂ ಆಗುವುದಿಲ್ಲ. ಈವರೆಗೆ ತಿಳಿದದ್ದು ಇಷ್ಟು, ಇನ್ನೂ ತಿಳಿಯದಿರುವುದು ಇಷ್ಟು ಎಂದು ಗಟ್ಟಿಯಾಗಿ ಹೇಳಿ ನೋಡಿ. ಬಹಳ ಸಲ ಮುಂದಿನ ಪ್ರಶ್ನೆ ಹಾಗೆ ಹೇಳುವಾಗಲೇ ಹೊಳೆಯುತ್ತದೆ. ಸಂದರ್ಶಕರು ಸುಳಿವು ಕೊಟ್ಟರೆ ಅದನ್ನು ತೆಗೆದುಕೊಳ್ಳಿ. ಸುಳಿವನ್ನು ಬಳಸಿಕೊಂಡು ಮುಂದೆ ಹೋದವರ ಬಗ್ಗೆ ನಾನು ಒಳ್ಳೆಯದನ್ನೇ ಬರೆದಿದ್ದೇನೆ, ಏಕೆಂದರೆ ಕ್ಲೈಂಟ್ ಹೇಳುವುದನ್ನು ಕೇಳಿಸಿಕೊಳ್ಳುವುದು ಈ ಕೆಲಸದ ಅರ್ಧ ಭಾಗ. ಸುಳಿವು ಕೊಟ್ಟ ಮೇಲೂ ತಮ್ಮ ಮೊದಲ ಊಹೆಗೇ ಅಂಟಿಕೊಂಡವರನ್ನು ಮುಂದಿನ ಸುತ್ತಿಗೆ ಕಳಿಸಲು ಕಷ್ಟವಾಗುತ್ತಿತ್ತು.

ಕಾರ್ಖಾನೆಯ ಕೇಸ್ ಬರುವ ಸಾಧ್ಯತೆ ಖಂಡಿತ ಹೆಚ್ಚು. ಒಂದು ಉತ್ಪಾದನಾ ಲೈನಿನಿಂದ ಬೇಡಿಕೆಗೆ ತಕ್ಕಷ್ಟು ಮಾಲು ಬರುತ್ತಿಲ್ಲ, ಹೊಸ ಲೈನ್ ಹಾಕಬೇಕೇ ಎಂದು ಕೇಳಬಹುದು. ಆಗ ನಿಮಗೆ ಓಇಇ (ಯಂತ್ರಗಳ ಒಟ್ಟಾರೆ ದಕ್ಷತೆ) ಲೆಕ್ಕ ತಾನಾಗಿಯೇ ಹೊಳೆಯುತ್ತದೆ: ಲೈನ್ ಓಡಬೇಕಾದ ಸಮಯದಲ್ಲಿ ಶೇ 90ರಷ್ಟು ಓಡಿ, ಓಡಿದಾಗ ಶೇ 80ರ ವೇಗದಲ್ಲಿ ಓಡಿ, ಬಂದ ಮಾಲಿನಲ್ಲಿ ಶೇ 95 ಮಾತ್ರ ಸರಿಯಿದ್ದರೆ, ಮೂರನ್ನೂ ಗುಣಿಸಿದಾಗ ಸಿಗುವುದು ಶೇ 68ರ ಹತ್ತಿರ. ಮೂರರಲ್ಲಿ ವೇಗವೇ ಹೆಚ್ಚು ಕಳೆಯುತ್ತಿರುವುದರಿಂದ ಅಲ್ಲಿಂದ ಆರಂಭಿಸುತ್ತೇನೆ ಎನ್ನಬಹುದು. ವೇಗವನ್ನು ಶೇ 90ಕ್ಕೆ ಏರಿಸಿದರೆ ಒಟ್ಟು ಶೇ 77 ಆಗುತ್ತದೆ, ಅಂದರೆ ಇದ್ದ ಲೈನಿನಿಂದಲೇ ಎಂಟನೇ ಒಂದು ಭಾಗ ಹೆಚ್ಚು ಮಾಲು ಸಿಗುತ್ತದೆ. ಬೇಡಿಕೆಯ ಕೊರತೆ ಅಷ್ಟರೊಳಗೆ ಇದ್ದರೆ ಹೊಸ ಲೈನ್ ಬೇಡ.

ಅಪಾಯವೂ ಇಲ್ಲೇ ಇದೆ. ಕ್ಷೇತ್ರ ಬಲ್ಲವರು ಡೈ ಬದಲಾಯಿಸುವ ಸಮಯ, ಬೇರಿಂಗ್ ಸವೆತ, ಪಾಳಿ ಬದಲಾವಣೆ ಎಂದು ನೇರವಾಗಿ ವಿವರಕ್ಕೆ ಇಳಿದುಬಿಡುತ್ತಾರೆ. ಲೈನಿನ ಸಾಮರ್ಥ್ಯದ ಪ್ರಶ್ನೆಗೂ ಮುಂಚೆ, ಬೇಡಿಕೆ ನಿಜವಾಗಿ ಹೆಚ್ಚಿದೆಯೇ, ಎಷ್ಟು ವರ್ಷ ಉಳಿಯುತ್ತದೆ, ಆ ಮಾಲಿನಲ್ಲಿ ಲಾಭವಿದೆಯೇ ಎಂದು ಕೇಳಬೇಕಾದದ್ದನ್ನು ಮರೆಯುತ್ತಾರೆ. ನಿಮ್ಮ ಕಾರ್ಖಾನೆಯಲ್ಲಿ ಈ ಪ್ರಶ್ನೆಗಳನ್ನು ಮೇಲಿನವರು ಕೇಳಿ ಮುಗಿಸಿದ ಮೇಲೆ ಕೆಲಸ ನಿಮ್ಮ ಬಳಿ ಬರುತ್ತದೆ. ಸಂದರ್ಶನದಲ್ಲಿ ಅವನ್ನು ಕೇಳಬೇಕಾದವರು ನೀವೇ. ಅಭ್ಯಾಸ ಮಾಡುವಾಗ ಪ್ರತಿ ಕಾರ್ಖಾನೆ ಕೇಸನ್ನೂ ಮೊದಲ ಎರಡು ನಿಮಿಷ ಮಾಲೀಕರ ದೃಷ್ಟಿಯಿಂದ ನೋಡಿ, ಆಮೇಲೆ ಲೈನಿನ ಬಳಿಗೆ ಹೋಗಿ.

ಸಂದರ್ಶನ ವಿಡಿಯೋ ಕರೆಯಲ್ಲಾದರೆ ದಪ್ಪ ಪೆನ್ನಿನಿಂದ, ದೊಡ್ಡ ಅಕ್ಷರದಲ್ಲಿ ಬರೆದು, ಬೇಕೆಂದಾಗ ಕ್ಯಾಮೆರಾದ ಮುಂದೆ ಹಿಡಿದು ತೋರಿಸಿ. ಕಚೇರಿಯಲ್ಲಾದರೆ ನೀವು ಲೆಕ್ಕ ಮಾಡಿದ ಹಾಳೆಗಳನ್ನು ಕೊನೆಗೆ ಅವರೇ ಇಟ್ಟುಕೊಳ್ಳುವುದುಂಟು, ಆದ್ದರಿಂದ ಯಾವ ಅಂಕಿ ಯಾವುದರದ್ದೆಂದು ಬೇರೆಯವರಿಗೂ ಓದಲು ಬರುವಂತೆ ಪಕ್ಕದಲ್ಲಿ ಬರೆದಿಡಿ. ದಿನಾಂಕ ಗೊತ್ತಾದ ಮೇಲೆ ಇಲ್ಲಿ ತಿಳಿಸಿ. ಅದಕ್ಕೂ ಮೊದಲು ಒಂದು ಸಂಜೆ ಬಿಡುವು ಮಾಡಿಕೊಂಡರೆ ಒಂದೆರಡು ಕೇಸುಗಳನ್ನು ಫೋನಿನಲ್ಲಿ ಒಟ್ಟಿಗೆ ಬಿಡಿಸೋಣ.